ಅಕ್ಕನ ಶಾಖದ ಕಣ್ಣು

ಅಕ್ಕ ಕಣ್ಣಿನಂಥ ಒಂದು ಉಪಕರಣ ತಯಾರಿಸಿ ಪುಟ್ಟ ಉಪಗ್ರಹದಲ್ಲಿ ಕೂರಿಸಿದ್ದಳು. ವಾತಾವರಣದ ಮೇಲ್ಪದರ ಹೊರಗೆ ಚೆಲ್ಲುವ ಶಾಖವನ್ನು, ನಮಗೆ ಕಾಣದ ಅವಕೆಂಪು ಕಿರಣಗಳನ್ನು, ಅದು ನೋಡುತ್ತಿತ್ತು. ಮದುವೆ ಯಾವಾಗ ಎಂದವರಿಗೆ, "ಮಗುನೇ ಆಗಿದೆ, ಮೇಲಿದೆ" ಎನ್ನುತ್ತಿದ್ದಳು ಅಧಿಕಪ್ರಸಂಗಿ.

ಈಗ ಅವಳು ಆಸ್ಪತ್ರೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ. ನಿಯಂತ್ರಣ ಕೊಠಡಿಯಲ್ಲಿ ಕೂತು ಆ ಮಗುವನ್ನು ಕಾಯುವವಳು ನಾನು.

ಸೂರ್ಯ ಕೆರಳಿದ, ಅವನು ಉಗುಳಿದ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಬಡಿದು ಭೂಕಾಂತೀಯ ಬಿರುಗಾಳಿ ಎದ್ದಿತು. ಮೇಲಿನ ಗಾಳಿ ಕಾದು ಉಬ್ಬಿ ಉಪಗ್ರಹವನ್ನು ತಡೆಯಿತು. ಅದು ಇಳಿಯತೊಡಗಿತು. ಮೇಲೆತ್ತೋಣವೆಂದರೆ ಇಂಧನ ಎಂದೋ ಖಾಲಿ.

"ಪಕ್ಕಕ್ಕೆ ತಿರುಗಿಸಮ್ಮ, ಗಾಳಿ ತಾಗೋದು ಕಮ್ಮಿಯಾಗುತ್ತೆ" ಎಂದರು ನಮ್ಮ ಮುಖ್ಯಸ್ಥರು. ಬೆನ್ನ ಹಿಂದೆ ಅವರು ನಮಗೆಲ್ಲ ಹೆಡ್ಮಾಸ್ತರು. ತಿರುಗಿಸಿದರೆ ಉಪಗ್ರಹ ಉಳಿಯಬಹುದು, ಆದರೆ ಕಣ್ಣಿಗೆ ಆ ಗಾಳಿ ಕಾಣುವುದಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ.

"ತಿರುಗಿಸಬೇಡ ಕಣೇ. ಗಾಳಿ ಕಾದಾಗ ನೈಟ್ರಿಕ್ ಆಕ್ಸೈಡ್ ಅನಿಲ ಹೆಚ್ಚಾಗಿ ಬಿಸಿನೆಲ್ಲ ಹೊರಗೆ ಎಸೆಯುತ್ತೆ, ಜ್ವರ ಬಂದೋರು ಬೆವರಿದ ಹಾಗೆ. ಆಮೇಲೆ ಮೊದಲಿಗಿಂತ ತಣ್ಣಗಾಗುತ್ತೆ. ಅದನ್ನ ನೋಡೋಕೇ ಅಲ್ವಾ ನಾನು ಇಷ್ಟು ವರ್ಷ ಒದ್ದಾಡಿದ್ದು?"

"ಬಿದ್ದುಹೋದ್ರೆ?"

"ಅಷ್ಟರೊಳಗೆ ತಣ್ಣಗಾಗುತ್ತೆ, ಬಿಡು."

ನಂಬಿದೆ. ಹೆಡ್ಮಾಸ್ತರ ಮೇಲೆ ಹರಿಹಾಯ್ದು ಒಪ್ಪಿಸಿದೆ. ಪರದೆಯ ಮೇಲೆ ಶಾಖದ ಗೆರೆ ಹಲವು ಪಟ್ಟು ಏರಿತು, ಆಮೇಲೆ ಇಳಿಯಿತು. ಅಕ್ಕ ಹೇಳಿದಂತೆಯೇ ಗಾಳಿ ಮೊದಲಿಗಿಂತ ತಣ್ಣಗಾಯಿತು. ಆದರೆ ಉಪಗ್ರಹ ಅಷ್ಟರಲ್ಲಿ ತೀರಾ ಕೆಳಗಿಳಿದಿತ್ತು. ಕೊನೆಯವರೆಗೂ ಅಳತೆ ಕಳಿಸುತ್ತಲೇ ಉರಿದುಹೋಯಿತು. ನಾನು ಎಲ್ಲರೆದುರೇ ಗೋಳೋ ಎಂದು ಅತ್ತೆ.

ಆಸ್ಪತ್ರೆಗೆ ಹೋದಾಗ ಅಕ್ಕನ ಮೊದಲ ಮಾತು, "ತಣ್ಣಗಾಯ್ತಾ?"

"ಹೂಂ, ನೀನು ಹೇಳಿದ ಹಾಗೇ."

"ಕಣ್ಣು?"

"ನೋಡ್ತಾ ಇದೆ" ಎಂದೆ.

ಅವಳು ನಕ್ಕಳು. "ಸುಳ್ಳು ನಿನ್ನ ಬಾಯಿಗೆ ಒಗ್ಗಲ್ಲ ಬಿಡೇ. ಅದು ಬೀಳುತ್ತೆ ಅಂತ ನಂಗೆ ಅವತ್ತೇ ಗೊತ್ತಿತ್ತು. ಏನೂ ನೋಡದೆ ಸುಮ್ನೆ ಸುತ್ತುತ್ತಾ ಬದುಕಿ ಏನು ಮಾಡ್ತಿತ್ತು ಹೇಳು?"

ಮರುದಿನ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಉಸಿರು ಸಾಲ್ತಿಲ್ಲ. ನಿದ್ದೆ ಬರಿಸಿ ಯಂತ್ರಕ್ಕೆ ಹಾಕಿದ್ರೆ ಇನ್ನೂ ಸ್ವಲ್ಪ ದಿನ ಇರ್ತಾರೆ. ಮತ್ತೆ ಎಚ್ಚರ ಆಗೋದು ಅನುಮಾನ. ಹಾಕೋಣ್ವಾ?"

ಹೂಂ ಎಂದುಬಿಡಬೇಕೆನಿಸಿತು. ಇರುವವಳು ಒಬ್ಬಳೇ ಅಕ್ಕ.

"ಬೇಡ ಡಾಕ್ಟ್ರೇ" ಎಂದೆ.

ಒಳಗೆ ಹೋಗಿ ಅವಳ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಆ ಶಾಖದ ಗೆರೆಯನ್ನು ಫೋನಿನಲ್ಲಿ ತೆರೆದು ಹಿಡಿದೆ. ಏರಿದ್ದನ್ನು, ಇಳಿದದ್ದನ್ನು, ತಣ್ಣಗಾದದ್ದನ್ನು ಅಕ್ಕ ಕಣ್ತುಂಬ ನೋಡಿದಳು.