ತಡೀರಿ, ಒಡೀರಿ

೧೯೩೮ರ ಬೇಸಿಗೆ ರಜೆಯಲ್ಲಿ ಧಾರವಾಡದ ಹಳೆಯ ಟೌನ್ ಹಾಲಿನ ದುರಸ್ತಿಗೆ ಕಾಲೇಜು ಹುಡುಗರು ಸ್ವಯಂಸೇವಕರಾಗಿ ಬಂದಿದ್ದರು. ಬಿರುಕು ಬಿಟ್ಟ ಗೋಡೆ ತೋರಿಸಿ, "ಹಾಲು ಒಡದೈತ್ರಿ, ಇನ್ನ ಪೇಢಾ ಆಗೂದಿಲ್ಲ" ಎಂದು ಅವರಲ್ಲೊಬ್ಬನಾದ ಬಿಂದ್ಯಾ ಬೆಳಿಗ್ಗೆಯಿಂದ ಎಲ್ಲರನ್ನೂ ನಗಿಸುತ್ತಿದ್ದ. ಕಂಡವರ ದನಿಯನ್ನು ಹಾಗೆಹಾಗೇ ಅಣಕಿಸುವುದು ಅವನ ಇನ್ನೊಂದು ಚಾಳಿ.

ಏಣಿಯ ಮೇಲೆ ಹಳೆಯ ಗಾರೆ ಕೆಡವುತ್ತಿದ್ದ ಗೆಳೆಯ ಹೊಳೆಯಪ್ಪ ಬಾಗಿಲ ನೆತ್ತಿಯ ಗಚ್ಚಿನ ನವಿಲಿನತ್ತ ಸುತ್ತಿಗೆ ಎತ್ತಿದ. ಗಾರೆ ಕೆಲಸದ ಮುದಿ ಗೌಂಡಿ ಮಕಬೂಲಸಾಬರು ಕೆಳಗಿನಿಂದ "ತಡೀರಿ!" ಎಂದು ಕೂಗಿದರು. ಕಂಬದ ಹಿಂದಿದ್ದ ಬಿಂದ್ಯಾ ಅವರದೇ ದನಿಯಲ್ಲಿ ಪ್ರಾಸ ಕಟ್ಟಿದ: "ಒಡೀರಿ!"

ಹೊಳೆಯಪ್ಪ ಒಡೆದೇಬಿಟ್ಟ. ಆ ನವಿಲು ಸಾಬರ ತಂದೆ ಮಾಡಿದ್ದು.

"ನಿಮ್ಮ ದನೀನ ಕೇಳಿದ್ನಿ, ಕಾಕಾ," ಎಂದ ಹೊಳೆಯಪ್ಪ ಅಳುಮೋರೆ ಮಾಡಿ.

"ಹೌದಪಾ, ನಾನೂ ಕೇಳಿದ್ನಿ. ತಡೀರಿ ಅನ್ನಾಕ ಹೋಗಿ ಒಡೀರಿ ಅಂದ್ನೇನೋ. ನಾಲಗಿ ತಪ್ಪಾಕತ್ತಿದ ಮ್ಯಾಲ ಈ ಕೆಲಸ ಸಾಕು." ಮುದುಕರು ಗಾರೆ ಬಳಿಯುವ ಕರಣಿ ಒರೆಸಿ ಚೀಲಕ್ಕೆ ಹಾಕತೊಡಗಿದರು.

ಬಿಂದ್ಯಾ ಕಂಬದ ಹಿಂದಿನಿಂದ ಹೊರಬಂದ. "ಕಾಕಾ, ಅದನ್ನ ಅಂದಾಂವ ನಾನು. ತಪ್ಪಾತ್ರಿ."

ಇದೂ ಅಣಕವೇ ಎಂದುಕೊಂಡು ಹುಡುಗರು ನಕ್ಕು ಚಪ್ಪಾಳೆ ತಟ್ಟಿದರು. "ಭಾಳ ಛಲೋ! ಇದು ಯಾರ ದನಿಲೇ?"

ಬಿಂದ್ಯಾ ಸಾಬರೆದುರು ನಿಂತು, ತಲೆ ತಗ್ಗಿಸಿ, ಅವರದೇ ದನಿಯಲ್ಲಿ ಇನ್ನೊಮ್ಮೆ "ಒಡೀರಿ" ಎಂದ. ಮುದುಕರ ಕೈ ಚೀಲದಲ್ಲೇ ನಿಂತಿತು. ಈ ಸಲ ಯಾರೂ ನಗಲಿಲ್ಲ.