ಬೆಕ್ಕಿನ ನೆಪದಲ್ಲೊಂದು ಕಿಂಡಿ

ಒಂಬತ್ತು ವರ್ಷ ಕಾದ ಮೇಲೆ ಆ ಬಾಗಿಲನ್ನು ಕೊಯ್ಯಲು ಕರಡಿಗೆ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತು. ಆ ಕಾರಣಕ್ಕೆ ನಾಲ್ಕು ಕಾಲಿದ್ದವು, ಒಂದು ಬಾಲವಿತ್ತು, ಮನೆಯವರೆಲ್ಲರ ಮೇಲೂ ಸಮಾನವಾದ ತಾತ್ಸಾರವಿತ್ತು.

ಕರಡಿ ಅವನ ಅಡ್ಡಹೆಸರು. ಮುದ್ರಣಾಲಯದಲ್ಲಿ ಕರಡು ತಿದ್ದುವವನನ್ನು ಕರಡಿ ಎನ್ನಲು ಜೊತೆಯವರಿಗೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ತೋಳಿನ ರೋಮವೂ ಅವರ ಪರವಾಗಿಯೇ ಸಾಕ್ಷಿ ಹೇಳಿತ್ತು. ಇಪ್ಪತ್ತು ವರ್ಷಗಳಿಂದ ಪರರ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಆದರೆ ಮನೆಯಲ್ಲಿದ್ದ ಒಂದೇ ಒಂದು ತಪ್ಪನ್ನು ಹೆಂಡತಿಯ ಬಾಯಲ್ಲಿ ತಪ್ಪು ಅನ್ನಿಸಲು ಅವನಿಂದ ಆಗಿರಲಿಲ್ಲ. ಆ ತಪ್ಪು ಆರೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲವಾಗಿ, ಅಡುಗೆಮನೆಯ ಹಿಂಬಾಗಿಲಿನ ರೂಪದಲ್ಲಿ ನಿಂತಿತ್ತು.

ಹಳೆಯ ಮರದ ಬಾಗಿಲಿಗೆ ಗೆದ್ದಲು ಹಿಡಿದಾಗ ಕರಡಿ ಮತ್ತೆ ಮರದ್ದೇ ಹಾಕಿಸೋಣ ಎಂದಿದ್ದ. ಆಗಷ್ಟೇ ಬಾಗಿಲು ಮಾರುವ ಅಂಗಡಿ ತೆರೆದಿದ್ದ ಹೆಂಡತಿಯ ತಮ್ಮ ನಡುವೆ ಬಾಯಿ ಹಾಕಿದ. ಈ ಭಾವಮೈದ ಯಾವ ವಾಕ್ಯಕ್ಕೂ ಪೂರ್ಣವಿರಾಮ ಹಾಕುತ್ತಿರಲಿಲ್ಲ, 'ಗ್ಯಾರಂಟಿ' ಹಾಕುತ್ತಿದ್ದ. ಹಾಗಾಗಿ ಊರಿಗೆಲ್ಲ ಅವನು ಗ್ಯಾರಂಟಿಯೇ.

"ಪ್ಲಾಸ್ಟಿಕ್ ಹಾಕ್ಸಿ ಭಾವ! ಗೆದ್ದಲು ಬಂದ್ರೆ ಹಲ್ಲು ಮುರ್ಕೊಂಡು ಹೋಗ್ಬೇಕು. ಹೊರಗೂ ಅದೇ, ಒಳಗೂ ಅದೇ, ಪೂರ್ತಿ ಗಟ್ಟಿ, ಒಂದೇ ಹಲಗೆ. ಆನೆ ಒದ್ರೆ ಆನೆ ಕಾಲೇ ಉಳುಕ್ಬೇಕು. ಗ್ಯಾರಂಟಿ!"

ಬಾಗಿಲು ಬಂತು. ಮೊದಲ ದಿನವೇ ಕರಡಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. 'ಡಬ್' ಎಂದಿತು. ಗಟ್ಟಿ ವಸ್ತು ಡಬ್ ಎನ್ನುವುದಿಲ್ಲ ಎಂದು ಅವನು ಹೆಂಡತಿಗೆ ಹೇಳಿದ.

"ನನ್ನ ತಮ್ಮ ನಂಗೇ ಸುಳ್ಳು ಹೇಳ್ತಾನಾ?" ಎಂದಳು ಹೆಂಡತಿ. ಅಲ್ಲಿಗೆ ವಿಚಾರಣೆ ಮುಗಿಯಿತು.

ಅಂದಿನಿಂದ ಗ್ಯಾರಂಟಿ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಹೋಗಿ ಬಾಗಿಲಿನ ಮೇಲೆ ಅಂಗೈಯಿಂದ ಫಟೀರನೆ ಒಂದು ಹೊಡೆದು, "ಹೆಂಗಿದೆ ನೋಡಿ ಭಾವ!" ಎನ್ನುವನು. ಅವನು ಹೋದ ಮೇಲೆ ಕರಡಿ ಊಟದ ಮೇಜಿನ ಮೇಲೆ ಅದೇ ಥರ ಹೊಡೆದು, ಎದೆ ಉಬ್ಬಿಸಿ, ಮೂಗಿನಲ್ಲೇ, "ಆನೆ ಕಾಲೇ ಉಳುಕ್ಬೇಕು, ಗ್ಯಾರಂಟಿ!" ಎನ್ನುವನು. ಧ್ವನಿ, ಕತ್ತು, ಹುಬ್ಬು ಎಲ್ಲ ಅಚ್ಚು ಹೊಯ್ದ ಹಾಗೆ ಬರುತ್ತಿತ್ತು. ಮಗಳು ಬಿದ್ದು ಬಿದ್ದು ನಗುವಳು. ಹೆಂಡತಿ ಮಾತ್ರ ಸಾರಿನ ಪಾತ್ರೆಯನ್ನು ಅವನಿಂದ ಒಂದು ಗೇಣು ದೂರ ಸರಿಸುವಳು.

ಅವನಿಗೆ ಬೇಕಿದ್ದದ್ದು ಹೆಚ್ಚೇನಲ್ಲ. 'ಹೌದು ರೀ, ನನ್ನ ತಮ್ಮ ಸುಳ್ಳು ಹೇಳಿದ' ಎಂಬ ಒಂದು ವಾಕ್ಯ. ಅಷ್ಟು ಸಿಕ್ಕಿದ್ದರೆ ಉಳಿದ ಜೀವಮಾನವೆಲ್ಲ ಪ್ಲಾಸ್ಟಿಕ್ ಬಾಗಿಲಿನಲ್ಲೇ ಓಡಾಡಲು ಅವನು ತಯಾರಿದ್ದ.

ಆ ಹೊತ್ತಿಗೆ ಮಗಳು ಬೆಕ್ಕು ತಂದಳು. ಬೆಕ್ಕು ಬಂದ ಮರುದಿನದಿಂದಲೇ ಹಿಂಬಾಗಿಲ ಬಳಿ ಕುಳಿತು ಹೊರಗೆ ಬಿಡಿ ಎಂದಿತು. ಬಿಟ್ಟರೆ ಒಳಗೆ ಬಿಡಿ ಎಂದಿತು. ಬಾಗಿಲು ತೆಗೆದು ಹಿಡಿದರೆ ಹೊಸ್ತಿಲ ಮೇಲೆ ಕುಳಿತು ಯೋಚಿಸಿತು. ಮಗಳು ಬೆಕ್ಕಿಗೆ ದೊರೆ ಎಂದು ಹೆಸರಿಟ್ಟಿದ್ದರಿಂದ ಮಿಕ್ಕವರೆಲ್ಲ ದ್ವಾರಪಾಲಕರಾದರು.

"ಅಪ್ಪ, ಬಾಗಿಲಿಗೆ ಬೆಕ್ಕಿನ ಕಿಂಡಿ ಹಾಕ್ಸೋಣ. ಅಂಗಡೀಲಿ ಚೌಕಟ್ಟು, ಮುಚ್ಚಳ ಎಲ್ಲ ಒಟ್ಟಿಗೆ ಸಿಗುತ್ತೆ," ಎಂದಳು ಮಗಳು.

ಕರಡಿಯ ಕೈಯಲ್ಲಿದ್ದ ಚಹಾ ಲೋಟ ಗಾಳಿಯಲ್ಲೇ ನಿಂತಿತು. ಬಾಗಿಲಿನ ಹೊಟ್ಟೆ ಕೊಯ್ದು ನೋಡಲು ಇಷ್ಟು ನ್ಯಾಯವಾದ ದಾರಿ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಪಾಪ, ಮೂಕಪ್ರಾಣಿ," ಎಂದ ಅವನು. ಬೆಕ್ಕಿನ ಬಗ್ಗೆ ಅವನಾಡಿದ ಮೊದಲ ಒಳ್ಳೆಯ ಮಾತು ಅದು. ಹೆಂಡತಿ ಅನುಮಾನದಿಂದ ನೋಡಿದಳು.

ರಜೆಯ ಬೆಳಿಗ್ಗೆ ಕೆಲಸ ಶುರುವಾಯಿತು. ಮಗಳು ದೊರೆಯನ್ನು ಹಿಡಿದು ನಿಲ್ಲಿಸಿದಳು; ಕರಡಿ ನೆಲದಿಂದ ಹೊಟ್ಟೆಯವರೆಗೆ, ಭುಜದಿಂದ ಭುಜಕ್ಕೆ ಅಳತೆ ತೆಗೆದ. ದೊರೆ ಅಳತೆಪಟ್ಟಿಯನ್ನು ಒಮ್ಮೆ ಕಚ್ಚಿ ಒಪ್ಪಿಗೆ ಕೊಟ್ಟಿತು. ಕೆಂಪು ಶಾಯಿಯ ಗುರುತು ತುಂಬಿದ್ದ ಹಳೆಯ ಕರಡಿನ ಹಾಳೆಯೊಂದನ್ನು ಚೌಕವಾಗಿ ಕತ್ತರಿಸಿ ಬಾಗಿಲಿನ ಕೆಳಭಾಗಕ್ಕೆ ಅಂಟಿಸಿದ್ದಾಯಿತು. ಪ್ಲಾಸ್ಟಿಕ್ಕಿನ ಅಂಚು ಚಕ್ಕೆ ಏಳಬಾರದೆಂದು ಗೆರೆಯ ಮೇಲೆ ಕಾಗದದ ಟೇಪು. ನಾಲ್ಕು ಮೂಲೆಗೆ ಡ್ರಿಲ್ಲಿನಿಂದ ನಾಲ್ಕು ತೂತು. ಆಮೇಲೆ ಆ ತೂತಿನೊಳಗೆ ಸಣ್ಣ ಹಲ್ಲಿನ ಕರೆಂಟಿನ ಗರಗಸ ಇಳಿಸಿ ಗುಂಡಿ ಒತ್ತಿದ.

ಮೊದಲ ಬದಿ ಮುಗಿಯುವ ಮುಂಚೆಯೇ ಸಾಕ್ಷಿ ಹೊರಗೆ ಬಂತು. ಬಿಳಿಯ, ಸಾಸಿವೆಗಿಂತ ತುಸು ದಪ್ಪದ ಕಾಳುಗಳು. ಸುರಿದವು, ಹಾರಿದವು, ತೋಳಿನ ರೋಮಕ್ಕೆ, ಹುಬ್ಬಿಗೆ, ಪ್ಯಾಂಟಿಗೆ ಮೆತ್ತಿಕೊಂಡವು. ಕೊಡವಿದರೆ ಬಲಗೈಯಿಂದ ಎಡಗೈಗೆ ದಾಟಿದವು. ಥರ್ಮೋಕೋಲ್! ಕರಡಿ ನಾಲ್ಕೂ ಬದಿ ಕೊಯ್ದು ತುಂಡನ್ನು ಹೊರಗೆಳೆದ. ಎರಡು ಕಡೆ ಉಗುರಿನಷ್ಟು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ನಡುವೆ ಬೆರಳು ದಪ್ಪದ ಥರ್ಮೋಕೋಲ್. ಇಪ್ಪತ್ತು ವರ್ಷದಲ್ಲಿ ಅವನು ಹಿಡಿದ ತಪ್ಪುಗಳೆಲ್ಲ ಅಕ್ಷರದ್ದು, ಒತ್ತಿನದ್ದು. ಹೀಗೆ ಅಂಗೈ ಮೇಲಿಟ್ಟು ತೂಗಬಹುದಾದ ತಪ್ಪು ಇದೇ ಮೊದಲು.

"ಬಾ ಇಲ್ಲಿ," ಎಂದು ಹೆಂಡತಿಯನ್ನು ಕರೆದ. "ನೋಡು, ನಿನ್ನ ತಮ್ಮನ ಗಟ್ಟಿತನ."

ಅವಳು ನೋಡಿದಳು. ತುಂಡನ್ನಲ್ಲ, ನೆಲವನ್ನು. "ಇದನ್ನೆಲ್ಲ ಗುಡಿಸೋರು ಯಾರು?"

"ಒಳಗೆ ಏನಿದೆ ನೋಡೇ!"

"ಕಂಪನಿಯವ್ರು ಅವನಿಗೇ ಟೋಪಿ ಹಾಕಿರ್ತಾರೆ. ಪಾಪ, ಅವನಿಗೇನು ಗೊತ್ತು? ನೀವು ಕಿಂಡಿ ಮಾಡ್ತೀನಿ ಅಂದ್ರಿ, ತೂತು ಮಾಡಿ ಕೂತಿದ್ದೀರಿ. ಮುಚ್ಚಳ ಎಲ್ಲಿ?"

ಕರಡಿ ಉಸಿರೆಳೆದುಕೊಂಡ. ಅಷ್ಟರಲ್ಲಿ ಹಿತ್ತಲ ಗೇಟು ಕಿರ್ರೆಂದಿತು.

"ಬನ್ನಿ ಡಾಕ್ಟ್ರೇ, ಬನ್ನಿ! ನಮ್ಮಕ್ಕನ ಮನೆ ಅಂದ್ರೆ ನಮ್ಮ ಶೋರೂಮ್ ಇದ್ದ ಹಾಗೆ. ಒಂಬತ್ತು ವರ್ಷದ ಬಾಗಿಲು, ನಿನ್ನೆ ಹಾಕಿದ ಹಾಗಿದೆ, ಗ್ಯಾರಂಟಿ!"

ಗ್ಯಾರಂಟಿಯ ಹಿಂದೆ ತೆಳ್ಳಗಿನ, ನೀಟಾಗಿ ತಲೆ ಬಾಚಿದ ಒಬ್ಬರು ಬಂದರು. ಹಲ್ಲಿನ ಡಾಕ್ಟರು. ಹೊಸ ಆಸ್ಪತ್ರೆ ಕಟ್ಟಿಸುತ್ತಿದ್ದಾರೆ, ಎಂಟು ಬಾಗಿಲು ಬೇಕಂತೆ ಎಂದು ಗ್ಯಾರಂಟಿ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ. ನಾಲ್ಕು ತಿಂಗಳಿಂದ ಅವನ ಅಂಗಡಿಯಲ್ಲಿ ಒಂದು ಚಿಲಕವೂ ಮಾರಾಟವಾಗಿಲ್ಲವೆಂಬುದು ಅಕ್ಕನಿಗೆ ಗೊತ್ತಿತ್ತು. ಅವಳು ಸರಕ್ಕನೆ ಬಾಗಿಲಿಗೆ ಅಡ್ಡ ನಿಂತು, ಸೆರಗನ್ನು ಕಿಂಡಿಯ ಮೇಲೆ ಇಳಿಬಿಟ್ಟು, ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆ, ಬೆದರಿಕೆ ಎರಡೂ ಅರ್ಧರ್ಧ ಇದ್ದವು. ಕರಡಿ ತುಂಡನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಡಾಕ್ಟರು ಬಾಗಿಲನ್ನು ಉಗುರಿನಿಂದ ತಟ್ಟಿದರು, ಬಾಚಿಹಲ್ಲು ತಟ್ಟಿದ ಹಾಗೆ. "ಒಳಗೂ ಗಟ್ಟೀನಾ?"

"ಗಟ್ಟಿ ಅಂದ್ರೆ ಗಟ್ಟಿ ಸಾರ್! ಒಂದೇ ಹಲಗೆ! ಬೇಕಾದ್ರೆ ನಮ್ಮ ಭಾವನ್ನ ಕೇಳಿ. ಅಕ್ಷರದಲ್ಲೇ ತಪ್ಪು ಬಿಡೋರಲ್ಲ ಅವ್ರು, ಬಾಗಿಲಲ್ಲಿ ಬಿಡ್ತಾರಾ?"

ಎಲ್ಲರೂ ಕರಡಿಯ ಕಡೆ ತಿರುಗಿದರು. ಹುಬ್ಬಿನ ಮೇಲಿದ್ದ ಥರ್ಮೋಕೋಲ್ ಕಾಳೊಂದು ಉದುರಲೋ ಬೇಡವೋ ಎಂದು ಓಲಾಡುತ್ತಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಒಂಬತ್ತು ವರ್ಷದ ಫಟೀರುಗಳೆಲ್ಲ ಒಟ್ಟಿಗೆ ಅವನ ಕಿವಿಯಲ್ಲಿ ಮೊರೆದವು. ಅವನು ಕೈ ಮುಂದೆ ತಂದು ತುಂಡನ್ನು ಡಾಕ್ಟರ ಅಂಗೈಯಲ್ಲಿಟ್ಟ.

"ನೀವೇ ನೋಡಿ ಡಾಕ್ಟ್ರೇ. ಈಗ ತಾನೇ ಕಿತ್ತಿದ್ದು."

ಗ್ಯಾರಂಟಿಯ ಮುಖ ಸುಣ್ಣ ಬಳಿದ ಗೋಡೆಯಾಯಿತು. ಡಾಕ್ಟರು ಕನ್ನಡಕ ಹಾಕಿಕೊಂಡು ತುಂಡನ್ನು ತಿರುವಿ ಮುರುವಿ ನೋಡಿದರು. "ಸ್ವಲ್ಪ ಪಕ್ಕಕ್ಕೆ ಬನ್ನಿಮ್ಮಾ," ಎಂದು ಹೆಂಡತಿಯನ್ನು ಸರಿಸಿ, ಕುಕ್ಕರುಗಾಲಲ್ಲಿ ಕುಳಿತು, ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಕಿಂಡಿಯ ನಾಲ್ಕೂ ಅಂಚಿಗೆ ಬೆಳಕು ಬಿಟ್ಟರು. "ಇನ್ನೂ ಸ್ವಲ್ಪ ಅಗಲ ತೆಗೀರಿ" ಎಂದು ಬಾಗಿಲಿಗೆ ಹೇಳುತ್ತಾರೇನೋ ಅನ್ನಿಸಿತು ಕರಡಿಗೆ.

"ಥರ್ಮೋಕೋಲ್," ಎಂದರು ಡಾಕ್ಟರು.

"ಥರ್ಮೋಕೋಲ್," ಎಂದ ಕರಡಿ, ತೀರ್ಪು ಓದಿದ ಹಾಗೆ.

"ಮೊದಲೇ ಹೇಳ್ಬಾರ್ದಾ!" ಡಾಕ್ಟರು ಗ್ಯಾರಂಟಿಯ ಕಡೆ ತಿರುಗಿದರು. "ಗಟ್ಟಿ ಗಟ್ಟಿ ಅಂತ ನೀವು ಬಡ್ಕೊಳ್ತಿದ್ರೆ ನಂಗೆ ಬೇಡವೇ ಬೇಡ ಅನ್ನಿಸ್ತಿತ್ತು. ನನ್ನ ಕಷ್ಟ ಏನು ಗೊತ್ತಾ? ಒಳಗೆ ಡ್ರಿಲ್ ಶುರುವಾದ್ರೆ ಹೊರಗೆ ಕೂತಿರೋರು ಒಬ್ಬೊಬ್ರೇ ಎದ್ದು ಮನೆಗೆ ಹೋಗ್ತಾರೆ. ಒಳಗಿರೋರು ಕೂಗಿದ್ರಂತೂ ಚಪ್ಪಲಿ ಬಿಟ್ಟೇ ಓಡ್ತಾರೆ. ಸದ್ದು ಕುಡಿಯೋ ಬಾಗಿಲು ಬೇಕು ನಂಗೆ. ಇದು ಕುಡಿಯುತ್ತಾ?"

ಗ್ಯಾರಂಟಿ ಒಮ್ಮೆ ಉಗುಳು ನುಂಗಿದ. ಒಮ್ಮೆ ಮಾತ್ರ. "ಅದನ್ನೇ ಹೇಳೋಣ ಅಂತಿದ್ದೆ ಸಾರ್! ಕುಡಿಯೋದೇನು, ಗಂಟಲವರೆಗೂ ಕುಡಿಯುತ್ತೆ! ಸುತ್ತ ರಬ್ಬರ್ ಪಟ್ಟಿ ನೋಡಿ! ಒಳಗೆ ಥರ್ಮೋಕೋಲ್ ಇದೆ ಅಂತ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಅದಕ್ಕೇ ನಮ್ಮ ಭಾವ ಸ್ವಂತ ಬಾಗಿಲನ್ನೇ ಕೊಯ್ದು ತೋರಿಸ್ತಿದ್ದಾರೆ. ಗ್ಯಾರಂಟಿ!"

ಕರಡಿ ಬಲಗೈ ಕೊಡವಿದ; ಕಾಳುಗಳು ಎಡಗೈಗೆ ದಾಟಿದವು.

"ಹಾಗಾದ್ರೆ ಪರೀಕ್ಷೆ ಮಾಡೇಬಿಡೋಣ," ಎಂದರು ಡಾಕ್ಟರು. "ತುಂಡನ್ನ ವಾಪಸ್ಸು ತುರುಕಿ ಟೇಪು ಹಚ್ಚಿ. ಒಳಗಿಂದ ಯಾರಾದ್ರೂ ಕಿರುಚಲಿ, ಹಲ್ಲು ಕೀಳಿಸ್ಕೊಳ್ಳೋರ ಥರ."

"ಅಪ್ಪ! ಅಪ್ಪ ಎಲ್ಲಾರ ಥರಾನೂ ಮಾತಾಡ್ತಾರೆ!" ಎಂದು ಮಗಳು ಕುಣಿದಳು.

"ಭಾವ, ನಂಗೋಸ್ಕರ," ಎಂದ ಗ್ಯಾರಂಟಿ.

ಕರಡಿ ಅಡುಗೆಮನೆಗೆ ಹೋದ. ಚಹಾ ಇಡಲು ಹೆಂಡತಿಯೂ ಒಳಗೆ ಬಂದಳು, ಕಿಟಕಿ ಮುಚ್ಚಿದಳು. ಹೊರಗಿನಿಂದ ತುಂಡು ಕಿಂಡಿಯಲ್ಲಿ ಕೂತಿತು; ಅವನು ಒಳಗಿನಿಂದಲೂ ಟೇಪು ಎಳೆದು ಬಾಗಿಲು ಭದ್ರ ಮಾಡಿದ.

ಮೊದಲು ಡ್ರಿಲ್ಲು. "ಝ್ಝೀಂ... ಝ್ಝೀಂಂಂ..." ಆಮೇಲೆ ರೋಗಿ. "ಅಯ್ಯಯ್ಯೋ! ಸತ್ತೆ!" ಅಷ್ಟು ಹೊತ್ತಿಗೆ ಅವನಿಗೆ ಒಂದು ವಿಷಯ ಹೊಳೆಯಿತು. ಜೋರಾಗಿ ಕೂಗಿದರೆ ಬಾಗಿಲು ಸೋಲುತ್ತದೆ. ಬಾಗಿಲು ಸೋಲುವಾಗ ನಿಜವೂ ಹೊರಗೆ ಹೋದರೆ ಒಂದೇ ಏಟಿಗೆ ಎರಡು ಕೆಲಸ. ಅವನು ಎದೆ ತುಂಬ ಉಸಿರೆಳೆದುಕೊಂಡು ಭಾವಮೈದನ ಧ್ವನಿಯಲ್ಲೇ ಅರಚಿದ. "ಗಟ್ಟಿ ಅಂದ್ರೆ ಗಟ್ಟಿ ಸಾರ್! ಆನೆ ಒದ್ರೆ ಆನೆ ಕಾಲೇ ಉಳುಕ್ಬೇಕು!" ನಂತರ ತನ್ನದೇ ಧ್ವನಿಯಲ್ಲಿ, ಕತ್ತಿನ ನರ ಉಬ್ಬುವ ಹಾಗೆ, "ಸುಳ್ಳಾ! ಒಂಬತ್ತು ವರ್ಷ ಬಡಿದು ಬಡಿದು ತೋರಿಸಿದೆಯಲ್ಲೋ, ಥರ್ಮೋಕೋಲ್ ಕಣೋ! ನಿನ್ನ ಆನೆ ಬೇಡ, ಬೆಕ್ಕು ಒದ್ರೆ ಸಾಕು! ಬಾಗಿಲೂ ಟೊಳ್ಳು, ನೀನೂ ಟೊಳ್ಳು! ಗ್ಯಾರಂಟಿ!"

ಗಂಟಲು ಕಿತ್ತುಹೋಯಿತು. ಕಪಾಟಿನ ಮೇಲಿದ್ದ ಚಮಚ ಝಣಗುಟ್ಟಿತು. ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಾ ಅವನು ಹೊರಗಿನ ಗದ್ದಲಕ್ಕೆ ಕಾದ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗ್ಯಾರಂಟಿ.

"ಭಾವ, ಶುರು ಮಾಡಿದ್ರಾ? ಎಲ್ಲೋ ಸೊಳ್ಳೆ ಗುಂಯ್ ಅಂದ ಹಾಗಾಯ್ತು ಅಷ್ಟೆ. ಇನ್ನೂ ಸ್ವಲ್ಪ ಮನಸ್ಸಿಟ್ಟು ಕಿರುಚ್ಬೇಕು ಅಂತಾರೆ ಡಾಕ್ಟ್ರು."

ಕರಡಿ ಫೋನು ಇಳಿಸಿ ತಿರುಗಿದ. ಹೆಂಡತಿ ಚಹಾ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. ಅವಳ ಮತ್ತು ಅವನ ನಡುವೆ ಯಾವ ಬಾಗಿಲೂ ಇರಲಿಲ್ಲ.

"ಎಲ್ಲಾ ಹೇಳಿ ಆಯ್ತಾ?" ಎಂದಳು.

ಅವನು ಫೋನನ್ನು ಜೇಬಿಗೆ ತುರುಕಿದ.

ಅವಳು ತಟ್ಟೆಯನ್ನು ಕೆಳಗಿಟ್ಟು ಅವನ ಹುಬ್ಬಿನ ಕಾಳನ್ನು ಎರಡು ಬೆರಳಲ್ಲಿ ತೆಗೆದಳು. "ಹೌದು ರೀ. ನನ್ನ ತಮ್ಮ ಸುಳ್ಳು ಹೇಳಿದ. ಬಾಗಿಲು ಬಂದ ದಿನವೇ ಗೊತ್ತಿತ್ತು. ಇಬ್ಬರು ಹೊತ್ಕೊಂಡು ಬರ್ಬೇಕಾದ್ದನ್ನ ಒಬ್ಬನೇ ಕಂಕುಳಲ್ಲಿ ಸಿಗಿಸ್ಕೊಂಡು ಶಿಳ್ಳೆ ಹಾಕ್ತಾ ಬಂದ. ನಂಗೇನು ಕಣ್ಣಿರ್ಲಿಲ್ವಾ?"

"ಮತ್ತೆ ಇಷ್ಟು ವರ್ಷ..."

"ಅವನು ಮಾರಿದ ಮೊದಲನೇ ಬಾಗಿಲು ರೀ ಅದು. ಅಕ್ಕನೇ ಬೇಡ ಅಂದಿದ್ರೆ ಎರಡನೇದು ಯಾರು ತಗೊಳ್ತಿದ್ರು?"

ಬೇಕಿದ್ದ ವಾಕ್ಯ ಕೊನೆಗೂ ಸಿಕ್ಕಿತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಅದನ್ನು ಕೇಳಿದವರು ಮಾತ್ರ ತಾನು ಮತ್ತು ಹಾಲಿನ ಪಾತ್ರೆ. ಹೊರಗೆ ಮೂರು ಜನ, ನಡುವೆ ಆ ಹಾಳು ಬಾಗಿಲು.

"ಇದನ್ನ ಒಂದೇ ಒಂದ್ಸಲ ಅವನೆದುರಿಗೆ ಹೇಳೇ," ಎಂದ ಕರಡಿ. ಸ್ವರ ಕಿರಿದಾಗಿ, ದೊರೆ ಹೊಸ್ತಿಲಲ್ಲಿ ಕೂಗುವ ಹಾಗೆ ಬಂತು.

"ಬಾಗಿಲು ತೆಗೆದ ಮೇಲೆ ನಾನು ಅವನಕ್ಕ," ಎಂದಳು ಹೆಂಡತಿ. ತಟ್ಟೆ ಎತ್ತಿಕೊಂಡಳು, ಮೊಣಕೈಯಿಂದ ಹಿಡಿಕೆ ಒತ್ತಿ ಬಾಗಿಲು ತೆರೆದಳು. ಹಿತ್ತಲ ಬೆಳಕೂ ಗ್ಯಾರಂಟಿಯ ಧ್ವನಿಯೂ ಒಟ್ಟಿಗೆ ಒಳಗೆ ನುಗ್ಗಿದವು.

"ಏನೋ ಇದು!" ಎಂದಳು ಅವಳು ತಮ್ಮನಿಗೆ. "ನಿಮ್ಮ ಭಾವ ಕೂಗಿದ ಕೂಗಿಗೆ ನನ್ನ ಕಿವಿ ತೂತು ಬಿತ್ತು, ನಿಮಗೆ ಒಂಚೂರೂ ಕೇಳಿಸ್ಲಿಲ್ವಾ? ಅಂಥಾ ಬಾಗಿಲು ಕಣೋ ನಿಂದು!"

"ಎಂಟೂ ಇಂಥವೇ ಇರಲಿ," ಎಂದರು ಡಾಕ್ಟರು ಗ್ಯಾರಂಟಿಗೆ. ನಂತರ ಚಹಾ ತೆಗೆದುಕೊಳ್ಳುತ್ತಾ ಕರಡಿಯ ಕಡೆ ಕುತೂಹಲದಿಂದ ಬಾಗಿದರು. "ಅಷ್ಟು ಜೋರಾಗಿ ಏನಂತ ಕೂಗಿದ್ರಿ ಸಾರ್?"

ಹೆಂಡತಿ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು. ಗ್ಯಾರಂಟಿ ಎರಡೂ ಕೈಯಲ್ಲಿ ಲೋಟ ಹಿಡಿದು ಭಾವನನ್ನೇ ನೋಡುತ್ತಿದ್ದ, ಕಣ್ಣಲ್ಲಿ ನೀರಾಡುತ್ತಿತ್ತು.

"ಆ... ಅಂತ," ಎಂದ ಕರಡಿ.

"ನಮ್ಮಲ್ಲೂ ಎಲ್ಲಾರೂ ಹಾಗೇ ಅಂತಾರೆ," ಎಂದರು ಡಾಕ್ಟರು.