ಪಿಶಾಚಿ ಬೆನ್ನು ತಿರುಗಿಸಿದಾಗ

ಮೊದಲ ಕಂತು ಮುಗಿಯುವ ಹೊತ್ತಿಗೆ ಅಜ್ಜಿ ಒಂದು ತೀರ್ಮಾನಕ್ಕೆ ಬಂದಿದ್ದರು: ಈ ರಕ್ತಪಿಶಾಚಿಗೆ ರಕ್ತ ಕುಡಿಯುವುದಕ್ಕೇ ಬರುವುದಿಲ್ಲ.

“ಅಲ್ಲ ಕಣೇ, ಕತ್ತಿನ ಆ ಜಾಗದಲ್ಲಿ ಹಲ್ಲು ಊರಿದರೆ ಎದುರು ಗೋಡೆವರೆಗೂ ಚಿಮ್ಮುತ್ತೆ. ಇವನ ಅಂಗಿ ಮೇಲೆ ಒಂದು ಹನಿ ಇಲ್ಲ. ಟವಲ್ ಕಟ್ಕೊಂಡು ಕುಡಿದನಾ?”

ಅಜ್ಜಿ ಆಸ್ಪತ್ರೆಯ ರಕ್ತನಿಧಿಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ರಕ್ತದ ವಿಷಯದಲ್ಲಿ ಅವರ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಸತ್ತು ಮುನ್ನೂರು ವರ್ಷವಾದವರ ಆಟವೂ ಅಷ್ಟೇ.

ಪಕ್ಕದಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಮೊಮ್ಮಗಳು. ಹಳೆಯ ಧಾರಾವಾಹಿಗಳನ್ನು ತೊಳೆದು ಒರೆಸಿ ಮತ್ತೆ ತೋರಿಸುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಬೇರೆ ದೇಶದಿಂದ ಬಂದ ಈ ಪಿಶಾಚಿಯ ಕಥೆಗೆ ಅವಳು ಹುಟ್ಟುವ ಮೊದಲೇ ನಮ್ಮ ಭಾಷೆಯ ದನಿ ಕೂರಿಸಿದ್ದರು. ಈಗ ಅದನ್ನು ಪೂರ್ತಿ ನೋಡಿ, ಇಂದಿನವರಿಗೆ ಅದು ಹಿಡಿಸುತ್ತದೆಯೇ, ಹಳೆಯ ದನಿಗಳನ್ನು ಉಳಿಸಿಕೊಳ್ಳಬಹುದೇ ಅಥವಾ ಹೊಸಬರಿಂದ ಮತ್ತೆ ಹೇಳಿಸಬೇಕೇ ಎಂದು ಅವಳು ವರದಿ ಕೊಡಬೇಕಾಗಿತ್ತು. ಪಿಶಾಚಿಗೆ ದನಿ ಕೊಟ್ಟಿದ್ದವರು ಅವಳ ತಾತ. ತಾತ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಆಫೀಸಿನ ಮೇಲಧಿಕಾರಿಗೂ ಇದು ಗೊತ್ತಿತ್ತು. ಆತನ ಅಂಗಿಯಲ್ಲಿ ಎಂದೂ ಒಂದು ಸುಕ್ಕು ಕಾಣದೆ ಇದ್ದುದರಿಂದ ಹುಡುಗಿಯರು ಅವನನ್ನು ಇಸ್ತ್ರಿ ಸಾಹೇಬ ಎಂದು ಕರೆಯುತ್ತಿದ್ದರು. “ತಾತ ಅಂತ ಕನಿಕರ ತೋರಿಸಬೇಡಿ. ದನಿ ಮೂಲಕ್ಕೆ ಸರಿಹೊಂದಿದರೆ ಇರುತ್ತೆ, ಇಲ್ಲದಿದ್ದರೆ ಹೋಗುತ್ತೆ” ಎಂದಿದ್ದನಂತೆ.

“ಹೋಗಲಿ ಬಿಡು,” ಎಂದಿದ್ದರು ಅಜ್ಜಿ. “ಹೆಣದ ಬಾಯಿಗೆ ಬಾಡಿಗೆಗೆ ಕೊಟ್ಟ ನಾಲಿಗೆ ಅದು. ಇದ್ದರೆಷ್ಟು, ಹೋದರೆಷ್ಟು.”

ಅದು ಬರೀ ಬಾಯಿಮಾತು. ಆ ಮನೆಯಲ್ಲಿ ತಾತನ ದನಿ ಬೇರೆಲ್ಲಿಯೂ ಉಳಿದಿರಲಿಲ್ಲ. ಯಾರಾದರೂ ಫೋನು ಹಿಡಿದು ರೆಕಾರ್ಡು ಮಾಡಲು ಹೋದರೆ ತಾತ ಅಂಗೈ ಅಡ್ಡ ಹಿಡಿದು, “ಸಂಬಳ ಕೊಟ್ಟರೆ ಮಾತ್ರ” ಎನ್ನುತ್ತಿದ್ದರು. ಹಾಗೆ ತಮಾಷೆ ಮಾಡುತ್ತಲೇ ಹೊರಟುಹೋದರು.

ಇನ್ನೊಂದು ಸಂಗತಿ ಮೊಮ್ಮಗಳಿಗೂ ಗೊತ್ತಿರಲಿಲ್ಲ. ಮದುವೆಯಾದಂದಿನಿಂದ ಗಂಡ ಹೆಂಡತಿ ಸಂಜೆ ಕಿಟಕಿಯ ಬಳಿ ಕೂತು ಒಂದು ಪ್ರಾರ್ಥನೆ ಹೇಳುತ್ತಿದ್ದರು. ತಾತನ ತಾಯಿ ಕಲಿಸಿದ್ದು, ಎರಡೇ ಸಾಲು. “ಬಾಗಿಲು ನಿನ್ನದು, ಬೆಳಕು ನಿನ್ನದು, ನಾವು ನಿನ್ನವರು” ಎಂದು ತಾತ ಹೇಳಬೇಕು. “ಒಳಗೆ ಕರೆದುಕೋ, ಹೊರಗೆ ನಿಲ್ಲಿಸಬೇಡ” ಎಂದು ಅಜ್ಜಿ ಮುಗಿಸಬೇಕು. ತಾತ ಹೋದ ಮೇಲೂ ಅಜ್ಜಿ ತಮ್ಮ ಕುರ್ಚಿಯಲ್ಲಿ ಅದೇ ಹೊತ್ತಿಗೆ ಕೂರುತ್ತಿದ್ದರು. ಎದುರಿನ ಖಾಲಿ ಕುರ್ಚಿಯಿಂದ ಮೊದಲ ಸಾಲು ಬರುತ್ತಿರಲಿಲ್ಲ. ಅದನ್ನು ತಾವೇ ಹೇಳಿಕೊಳ್ಳಬಹುದಿತ್ತು. ಆದರೆ ಅದು ತಾತನ ಪಾಲು. ಅದನ್ನು ಎತ್ತಿಕೊಂಡರೆ, ಅವರಿನ್ನು ಬರುವುದಿಲ್ಲ ಎಂದು ದೇವರ ಮುಂದೆ ತಾವೇ ಒಪ್ಪಿಕೊಂಡಂತೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು ಎದ್ದುಬಿಡುತ್ತಿದ್ದರು. ಒಂದು ದಿನವೂ ಪ್ರಾರ್ಥನೆ ತಪ್ಪಿಸದ ಹೆಂಗಸು ಹೀಗೆ ತಿಂಗಳುಗಟ್ಟಲೆ ದೇವರಿಗೆ ಮಾತಿಲ್ಲದೆ ಉಳಿದಿದ್ದರು.

ಇಷ್ಟಾಗಿಯೂ ಅಜ್ಜಿ ಆ ಧಾರಾವಾಹಿಯನ್ನು ಹಿಂದೆಂದೂ ನೋಡಿರಲಿಲ್ಲ. ದೇವರನ್ನು ನಂಬುವ ಮನೆಯಲ್ಲಿ ದೆವ್ವದ ಕಥೆ ಬೇಡವೆಂದು ಅದು ಬರುವ ಹೊತ್ತಿಗೆ ಟೀವಿ ಆರಿಸಿಬಿಡುತ್ತಿದ್ದರು. ಈಗ ಮೊಮ್ಮಗಳ ಪಕ್ಕ ಕೂತದ್ದು ದನಿ ಕೇಳುವುದಕ್ಕಾಗಿ. ಕೂತ ಮೇಲೆ ಕಣ್ಣು ಮುಚ್ಚಿಕೊಳ್ಳಲಾಗುತ್ತದೆಯೇ?

ಎರಡನೆಯ ಕಂತಿನಲ್ಲಿ ಪಿಶಾಚಿ ಬಾವಲಿಯಾಗಿ ಹಾರಿತು. ಬಾವಲಿಯ ಬೆನ್ನಿನಿಂದ ಮೇಲಕ್ಕೆ ಹೋದ ದಾರ ಎದ್ದು ಕಾಣುತ್ತಿತ್ತು.

“ಚಿತ್ರ ಸ್ವಚ್ಛ ಮಾಡಿದ್ದೀವಿ ಅಜ್ಜಿ. ಅದಕ್ಕೇ ದಾರ ಕಾಣ್ತಿದೆ,” ಎಂದಳು ಮೊಮ್ಮಗಳು.

“ತೊಳೆದರೆ ಮಾನ ಹೋಗೋ ಅಂಥದ್ದನ್ನ ಯಾಕೆ ತೊಳೀತೀರಿ? ಕೊಳೆಯಲ್ಲೇ ಇದ್ದಿದ್ದರೆ ಒಂದಿಷ್ಟು ಮರ್ಯಾದೆ ಇರ್ತಿತ್ತು.”

ಕೋಟೆಯ ಬಾಗಿಲನ್ನು ಪಿಶಾಚಿ ದಡಾರನೆ ಹಾಕಿದಾಗ ಕಲ್ಲಿನ ಗೋಡೆ ಗಾಳಿಗೆ ಆಡುವ ಪರದೆಯಂತೆ ಅಲುಗಿತು. ನೆಲಮಾಳಿಗೆಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಾಪ, ನಾಯಕಿ ಎರಡು ಸಲ ಕೆಮ್ಮಿದಳು. ಪಿಶಾಚಿಗೆ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ ಎಂದು ಪಾದ್ರಿಯೊಬ್ಬ ಗಂಭೀರವಾಗಿ ಹೇಳಿದ.

“ಹಾಗಾದರೆ ಆ ಬೈತಲೆ ಅಷ್ಟು ನೆಟ್ಟಗೆ ಯಾರು ತೆಗೆದರು?” ಎಂದು ಕೇಳಿದರು ಅಜ್ಜಿ.

ಮೊಮ್ಮಗಳು ನಕ್ಕು ಏನೋ ಟೈಪು ಮಾಡಿಕೊಂಡಳು.

“ಮುನ್ನೂರು ವರ್ಷ ಬದುಕಿದ್ದಾನಂತೆ. ಅಷ್ಟು ವರ್ಷದಲ್ಲಿ ಒಂದು ಕೆಲಸ ಕಲಿಯಲಿಲ್ಲ, ಒಂದು ಪುಸ್ತಕ ಓದಲಿಲ್ಲ. ಕಾಲೇಜಿನ ಹುಡುಗಿ ಕಿಟಕಿ ಕೆಳಗೆ ನಿಂತ್ಕೊಂಡು ನಿಟ್ಟುಸಿರು ಬಿಡ್ತಾನೆ. ಇಂಥವನಿಗೆ ಸಾವಿಲ್ಲ, ಒಳ್ಳೆಯವರಿಗೆ ಮಾತ್ರ ಹೃದಯ ನಿಂತುಹೋಗುತ್ತೆ.”

ಮೊಮ್ಮಗಳು ಟೈಪು ಮಾಡುವುದನ್ನು ನಿಲ್ಲಿಸಿದಳು. ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಮುಂದಕ್ಕೆ ಹಾಕು,” ಎಂದರು.

“ಇದು ತುಂಬಾ ಹಳೆಯದಾಗಿಬಿಟ್ಟಿದೆ ಅಂತ ಬರೀಲಾ ಅಜ್ಜಿ?”

“ಹಳೆಯದಾಗಬೇಕಾದರೆ ಒಂದು ದಿನವಾದರೂ ಹೊಸದಾಗಿರಬೇಕಲ್ಲ. ಇದು ಹುಟ್ಟಿದಾಗಲೇ ಹಳಸಿತ್ತು ಅಂತ ಬರಿ.”

ಆದರೆ ದನಿಯ ಮಾತೇ ಬೇರೆ. ಸುಣ್ಣ ಬಳಿದ ಆ ಮುಖ ಬಾಯಿ ತೆರೆದಾಗೆಲ್ಲ ಅಜ್ಜಿಯ ಕೈ ಸೀರೆಯ ನಿರಿಗೆಯ ಮೇಲೆ ನಿಂತುಬಿಡುತ್ತಿತ್ತು. ಸ್ನಾನದ ನೀರು ಬಿಸಿಯಾಗಿದೆಯೇ ಎಂದು ಕೇಳುತ್ತಿದ್ದ ದನಿ. ಕರೆಂಟಿನ ಬಿಲ್ಲು ಕಟ್ಟಲು ಮರೆತು ಬಂದಾಗ ತಗ್ಗುತ್ತಿದ್ದ ದನಿ. ಅದನ್ನೇ ಇನ್ನಷ್ಟು ಕೆಳಕ್ಕೆ ಇಳಿಸಿ ಪಿಶಾಚಿಗೆ ಕೊಟ್ಟಿದ್ದರು, ಅಷ್ಟೇ.

ತಪ್ಪು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಮೊಮ್ಮಗಳು ಮೂಲದ ಸಂಭಾಷಣೆಯನ್ನು ತೆರೆಯ ಕೆಳಗೆ ಅಕ್ಷರದಲ್ಲಿ ಓಡಿಸುತ್ತಿದ್ದಳು. ಪಿಶಾಚಿ ಕೋಟೆಯ ಕಿಟಕಿಯ ಬಳಿ ನಮ್ಮ ಕಡೆಗೆ ಬೆನ್ನು ಮಾಡಿ ನಿಂತು ಒಂದು ಮಾತು ಹೇಳಿತು. ಅವಳು ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಮತ್ತೂ ಒಮ್ಮೆ ಕೇಳಿದಳು.

“ಅಜ್ಜಿ, ಮೂಲದಲ್ಲಿ ಇಲ್ಲಿ ‘ದೇವರ ಮುಖಕ್ಕೆ ಉಗುಳುತ್ತೇನೆ’ ಅಂತಿದೆ. ತಾತ ಏನು ಹೇಳಿದಾರೆ ಕೇಳಿದ್ರಾ?”

ತಾತ ಹೇಳಿದ್ದು, “ಅವನು ನನ್ನನ್ನು ಮರೆತಿಲ್ಲ. ಅದೇ ನನ್ನ ನೋವು.”

“ಇದು ತುಂಬಾ ಹೆಸರಾದ ಮಾತು ಅಜ್ಜಿ. ಆ ಕಾಲದವರೆಲ್ಲ ಪ್ರೇಮಪತ್ರದಲ್ಲಿ ಬರೀತಿದ್ದರಂತೆ. ಈಗಲೂ ಇಡೀ ಧಾರಾವಾಹಿಯಲ್ಲಿ ಇದೊಂದೇ ಹಳೆಯದಾಗದ ಮಾತು ಅಂತಾರೆ. ಪಿಶಾಚಿಯ ಒಳಗಿನ ಸಂಕಟ ಅಂತ ಯಾರೋ ದೊಡ್ಡ ಲೇಖನವನ್ನೇ ಬರೆದಿದಾರೆ.”

“ಎಂಥ ಸಂಕಟ? ದೇವರನ್ನ ಬಯ್ಯಬೇಕಾಗಿ ಬಂತು. ನಿಮ್ಮ ತಾತನಿಗೆ ನಾಲಿಗೆ ಏಳಲಿಲ್ಲ.”

ಅಜ್ಜಿಗೆ ಅದು ಕೂಡಲೇ ಅರ್ಥವಾಗಿತ್ತು. ದನಿ ಕೂರಿಸುವವರ ಕಸುಬಿನ ಗುಟ್ಟೊಂದನ್ನು ತಾತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಟನ ಮುಖ ಎದುರಿಗಿದ್ದರೆ ಅವನ ತುಟಿಗೆ ತಕ್ಕ ಹಾಗೆ ಮಾತು ಕೂರಿಸಬೇಕು. ಅವನು ಬೆನ್ನು ತಿರುಗಿಸಿದರೆ ಆ ಜಾಗ ದನಿ ಕೊಡುವವನದು, ಅಲ್ಲಿ ಏನು ಹೇಳಿದರೂ ಹೊಂದುತ್ತದೆ. ಈ ಪಿಶಾಚಿಯೋ, ದೇವರನ್ನು ಬಯ್ಯುವಾಗಲೆಲ್ಲ ನಾಟಕೀಯವಾಗಿ ಬೆನ್ನು ತಿರುಗಿಸುವ ಚಟದವನು.

ಆಮೇಲೆ ಇಬ್ಬರೂ ಅದನ್ನೇ ಹುಡುಕತೊಡಗಿದರು. ಬೆನ್ನು ತಿರುಗಿದಲ್ಲೆಲ್ಲ ತಾತ ಮಾತು ಬದಲಿಸಿದ್ದರು. ಮೂಲದಲ್ಲಿ ದೇವರು ಸತ್ತಿದ್ದಾನೆ ಎಂದಿದ್ದ ಕಡೆ ಇಲ್ಲಿ ಪಿಶಾಚಿ, “ಇಂದು ಚಳಿ ಹೆಚ್ಚು” ಎಂದಿತು. ದೇವಾಲಯಕ್ಕೆ ಬೆಂಕಿ ಹಚ್ಚುತ್ತೇನೆ ಎಂದು ಅಬ್ಬರಿಸಬೇಕಾದಲ್ಲಿ, “ನಾನು ಒಳಗೆ ಬರಲಾರೆ, ನೀವು ಹೋಗಿಬನ್ನಿ” ಎಂದು ಸಭ್ಯವಾಗಿ ಹೇಳಿತು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಮದುವೆಗೆ ಬಂದ ಬೀಗರ ಹಾಗೆ ಮಾತಾಡ್ತಾನಲ್ಲೇ ಇವನು.”

ನಗು ಮುಗಿದ ಮೇಲೆ ಮೊಮ್ಮಗಳು ಉಗುರು ಕಚ್ಚುತ್ತ ಕೂತಳು. “ಅಜ್ಜಿ, ಇದನ್ನ ಬರೆದರೆ ತಾತನ ದನಿ ಹೋಗುತ್ತೆ. ಮೂಲಕ್ಕೆ ಸರಿಹೊಂದಲ್ಲ ಅಂತ ಮೊದಲ ಕೆಲಸ ಅದನ್ನೇ ತೆಗೀತಾರೆ. ಹೊಸ ಹುಡುಗನೊಬ್ಬ ಕಾದು ಕೂತಿದಾನೆ. ಬರೀದೆ ಇದ್ದರೆ ಯಾರಿಗೂ ಗೊತ್ತಾಗಲ್ಲ. ಇಸ್ತ್ರಿ ಸಾಹೇಬ ಎರಡು ಕಂತು ಕೂಡ ನೋಡಲ್ಲ.”

ಬರೆಯಬೇಡ ಎನ್ನುವ ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂದಿತ್ತು. “ಕೊನೆಯ ಕಂತು ನೋಡೋಣ. ಆಮೇಲೆ ಹೇಳ್ತೀನಿ,” ಎಂದರು.

ಕೊನೆಯ ಕಂತು ಮಿಕ್ಕೆಲ್ಲ ಕಂತುಗಳಿಗಿಂತ ಕೆಟ್ಟದಾಗಿತ್ತು. ಊರಿನವರು ಪಂಜು ಹಿಡಿದು ಬಂದರು. ಪಂಜಿನ ಬೆಂಕಿ ಒಂದೇ ಸಮನೆ ಉರಿಯುತ್ತಿತ್ತು, ಗಾಳಿ ಮಾತ್ರ ಬಿರುಗಾಳಿಯಂತೆ ಬೀಸುತ್ತಿತ್ತು. ನಾಯಕಿ ಪಿಶಾಚಿಯನ್ನು ಮಾತಿನಲ್ಲಿ ಹಿಡಿದಿಟ್ಟು ಬೆಳಗು ಮಾಡಿದಳು.

“ಇಷ್ಟು ಹೊತ್ತು ಇವಳ ಮಾತು ಕೇಳಿದ ಮೇಲೆ ಅವನೇ ಬಿಸಿಲು ಹುಡುಕ್ಕೊಂಡು ಹೋಗ್ತಾನೆ ನೋಡು,” ಎಂದರು ಅಜ್ಜಿ.

ಕಿಟಕಿಯಿಂದ ಬಿಸಿಲು ಬಿತ್ತು. ಪಿಶಾಚಿಯ ಕೋಟಿನೊಳಗಿಂದ ಹೊಗೆ ಎದ್ದು ಮುಖವನ್ನು ಮುಚ್ಚಿತು. ತೆರೆಯ ಕೆಳಗೆ ಮೂಲದ ಸಂಭಾಷಣೆ ‘ಕಿರುಚಾಟ’ ಎಂದಷ್ಟೇ ತೋರಿಸುತ್ತಿತ್ತು. ಕಿರುಚಾಟ ಬಂತು. ಅದು ಇಳಿದು ನರಳಾಟವಾಯಿತು. ಹೊಗೆಯ ಹಿಂದಿನಿಂದ, ತುಟಿ ಯಾರಿಗೂ ಕಾಣದ ಜಾಗದಿಂದ, ಪಿಶಾಚಿಯದಲ್ಲದ ದನಿಯೊಂದು ಮೆಲ್ಲಗೆ ಹೇಳಿತು:

“ಬಾಗಿಲು ನಿನ್ನದು, ಬೆಳಕು ನಿನ್ನದು, ನಾವು ನಿನ್ನವರು.”

“ಒಳಗೆ ಕರೆದುಕೋ, ಹೊರಗೆ ನಿಲ್ಲಿಸಬೇಡ,” ಎಂದರು ಅಜ್ಜಿ.

ಯೋಚಿಸಿ ಹೇಳಿದ್ದಲ್ಲ. ಇಷ್ಟು ವರ್ಷ ಹೇಳಿದ ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ತೆರೆಯ ಮೇಲೆ ಒಂದು ಹಿಡಿ ಬೂದಿ ಉಳಿದಿತ್ತು. ಯಾರೋ ಒಲೆಯಿಂದ ತಂದು ಸುರಿದದ್ದು ಸ್ಪಷ್ಟವಾಗಿ ಕಾಣುತ್ತಿತ್ತು, ಒಂದು ಇದ್ದಿಲ ತುಂಡು ಕೂಡ ಇತ್ತು. ಅಜ್ಜಿ ಅದನ್ನೇ ನೋಡುತ್ತ ಬಹಳ ಹೊತ್ತು ಅತ್ತರು. ಮೊಮ್ಮಗಳು ಲ್ಯಾಪ್‌ಟಾಪು ಕೆಳಗಿಟ್ಟು ಅವರ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅಜ್ಜಿಯೇ ಎರಡು ಸಾಲಿನ ಕಥೆಯನ್ನು, ಖಾಲಿ ಕುರ್ಚಿಯ ಎದುರು ಕೂತು ಎದ್ದು ಬಂದದ್ದನ್ನು ಹೇಳಿದರು.

“ಹಾಗಾದರೆ ಬರೆಯಲ್ಲ ನಾನು,” ಎಂದಳು ಮೊಮ್ಮಗಳು. “ಇದನ್ನ ಹೇಗೆ ತೆಗೆಸಲಿ?”

“ಬರಿ.”

“ಅಜ್ಜಿ.”

“ಇದ್ದದ್ದು ಇದ್ದ ಹಾಗೆ ಬರಿ. ದೇವರನ್ನ ಬಯ್ಯಲ್ಲ ಅಂತ ಅಂದೇ ಎದೆ ಕೊಟ್ಟು ಹೇಳಬಹುದಿತ್ತು ನಿಮ್ಮ ತಾತ. ಹೇಳಲಿಲ್ಲ. ಹೆಣದ ಬೆನ್ನಿನ ಮರೆಯಲ್ಲಿ ನಿಂತು ದೇವರ ಕೆಲಸ ಮಾಡಿದರು. ಅಷ್ಟು ಪುಕ್ಕಲು ಮನುಷ್ಯ. ಇಷ್ಟು ದಿನ ನಡೀತು. ಈಗ ನೀನು ಅವರ ಬೆನ್ನಿನ ಮರೆಯಲ್ಲಿ ನಿಂತ್ಕೋತೀಯಾ? ನಿನ್ನ ಮರೆಯಲ್ಲಿ ನಾನು ನಿಂತ್ಕೋಬೇಕಾ? ಅದೇನು ಪ್ರಾರ್ಥನೆನಾ, ಕಣ್ಣಾಮುಚ್ಚಾಲೆನಾ?”

“ಕೊನೆಯ ಆ ಒಂದು ಸಾಲನ್ನಾದರೂ ನಿಮಗೆ ಅಂತ ತೆಗೆದಿಡಲಾ?”

ಅಜ್ಜಿ ತೆರೆಯ ಕಡೆ ನೋಡಿದರು. ಬೂದಿ ಹಾಗೆಯೇ ನಿಂತಿತ್ತು.

“ಬೇಡ. ದಿನಾ ಸಂಜೆ ಆ ಸುಣ್ಣದ ಮುಖದವನನ್ನ ಸುಟ್ಟು, ಅವನು ನರಳೋ ತನಕ ಕಾದು, ಆಮೇಲೆ ದೇವರ ಹೆಸರು ಹೇಳಬೇಕಾ ನಾನು?”

ಮೊಮ್ಮಗಳು ವರದಿ ಬರೆದಳು. ಕೋಟೆ, ಬಾವಲಿ, ಬೂದಿ ಎಲ್ಲವೂ ಹಾಳಾಗಿವೆ ಎಂದು ಬರೆದಳು. ಪಿಶಾಚಿಯ ದನಿಯೊಂದೇ ಹಾಳಾಗಿಲ್ಲ, ಆದರೆ ಅದು ಹಲವು ಕಡೆ ಮೂಲದ ಮಾತನ್ನು ಹೇಳುವುದಿಲ್ಲ ಎಂದೂ ಬರೆದಳು. ಇಸ್ತ್ರಿ ಸಾಹೇಬ ವಾರ ಕಳೆಯುವುದರೊಳಗೆ ಹೊಸ ಹುಡುಗನನ್ನು ಮೈಕಿನ ಮುಂದೆ ನಿಲ್ಲಿಸಿದ. ಅವನ ದನಿಯ ತುಣುಕೊಂದನ್ನು ಮೊಮ್ಮಗಳು ಮನೆಗೆ ತಂದು ಕೇಳಿಸಿದಾಗ, ದೇವರ ಮುಖಕ್ಕೆ ಉಗುಳುತ್ತೇನೆ ಎಂದು ಅವನು ಕೂಗಿದ್ದು ಅಜ್ಜಿಗೆ ಕಿಂಚಿತ್ತೂ ತಾಕಲಿಲ್ಲ.

“ಶೀತ ಆದವನ ಹಾಗಿದೆ. ದೇವರಿಗೆ ಇದು ಕೇಳಿಸೋದೂ ಇಲ್ಲ,” ಎಂದರು. “ಪ್ರೇಮಪತ್ರಕ್ಕೂ ಬರಲ್ಲ ಈ ಮಾತು.”

ಅಂದು ಸಂಜೆ ಅವರು ಕಿಟಕಿಯ ಬಳಿ ತಮ್ಮ ಕುರ್ಚಿಯಲ್ಲಿ ಕೂತರು. ಹೊರಗೆ ರಸ್ತೆಯಲ್ಲಿ ದೀಪಗಳು ಹತ್ತುತ್ತಿದ್ದವು. ಎದುರಿನ ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ಮೊಮ್ಮಗಳು ಬಂದು ಆ ಬಟ್ಟೆಯನ್ನೆಲ್ಲ ಎತ್ತಿ ಮಂಚದ ಮೇಲೆ ಹಾಕಿ, ಕೇಳದೆ ಕೂತುಕೊಂಡಳು. ಒಮ್ಮೆ ಗಂಟಲು ಸರಿಮಾಡಿಕೊಂಡಳು.

“ಬಾಗಿಲು ನಿನ್ನದು ಬೆಳಕು ನಿನ್ನದು ನಾವು ನಿನ್ನವರು,” ಎಂದು ಒಂದೇ ಉಸಿರಿಗೆ ಹೇಳಿದಳು.

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ಬಸ್ಸು ಹಿಡಿಯೋಕೆ ಓಡ್ತಿದ್ದೀಯಾ? ನಿಧಾನ. ನಿಮ್ಮ ತಾತ ಪಿಶಾಚಿಯ ಬಾಯಲ್ಲೂ ಇದಕ್ಕಿಂತ ಚೆನ್ನಾಗಿ ಹೇಳಿದ್ದರು. ಇನ್ನೊಂದು ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು. ಅಷ್ಟೇನೂ ಚೆನ್ನಾಗಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ತಮ್ಮ ಸಾಲು ಹೇಳಿದರು.